ಕಲ್ಲು ನೆಕ್ಕುತ್ತಿದ್ದ ಮೇಡಂ

ಮೊದಲ ಸಲ ನೋಡಿದಾಗ ಅವರು ಮುಷ್ಟಿಗಾತ್ರದ ಒಂದು ಕರಿಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಕ್ಕಳು ಐಸ್‌ಕ್ಯಾಂಡಿ ನೆಕ್ಕುವ ಹಾಗೆ ನಾಲಿಗೆ ಚಾಚಿ ನೆಕ್ಕುತ್ತಿದ್ದರು. ಮೈಸೂರಿನ ವಿದ್ಯಾರಣ್ಯಪುರಂನ ಒಂದು ಅಡ್ಡರಸ್ತೆ, ಬೆಳಗಿನ ಹೊತ್ತು, ಗೇಟಿನ ಮುಂದೆ ಇನ್ನೂ ಒದ್ದೆಯಾಗಿದ್ದ ನೆಲದ ಮೇಲೆ ಆಗಷ್ಟೇ ಬಿಟ್ಟ ರಂಗೋಲಿ. ಅರವತ್ತು ದಾಟಿದ ಹೆಂಗಸು. ಗಂಜಿ ಹಾಕಿದ ನೀಲಿ ಕಾಟನ್ ಸೀರೆ, ಹಣೆಯಲ್ಲಿ ವಿಭೂತಿ, ಕೆಂಪು ಹರಳಿನ ಮೂಗುಬೊಟ್ಟು, ಸೀರೆಯ ಕೆಳಗೆ ಇಣುಕುವ ಬಿಳಿ ಕ್ಯಾನ್ವಾಸ್ ಶೂ. ಮಹಡಿಯ ಮೇಲಿನ ಮನೆ ಬಾಡಿಗೆಗಿದೆ ಎಂದು ಕೇಳಿ ಬಂದಿದ್ದ ನಾನು ಗೇಟಿನ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟೆ. ಒಳಗೆ ಹೋಗಬೇಕೋ ವಾಪಸ್ಸು ಓಡಬೇಕೋ ತಿಳಿಯಲಿಲ್ಲ.

"ಮನೆ ನೋಡೋಕೆ ಬಂದ್ಯೇನಪ್ಪಾ? ಬಾ ಬಾ, ಬೇಗ ಬಾ, ಒಣಗಿಹೋಗುತ್ತೆ!" ಎಂದರು.

ಒಣಗುವುದು ಏನು ಎಂದು ಕೇಳುವುದರೊಳಗೆ ಕಲ್ಲು ನನ್ನ ಕೈಯಲ್ಲಿತ್ತು. ಕೊರಳಿಗೆ ಕಪ್ಪು ದಾರದಲ್ಲಿ ಕಟ್ಟಿಕೊಂಡಿದ್ದ ಪುಟ್ಟ ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಒತ್ತಿ, ನನ್ನ ತಲೆಯನ್ನೇ ಬಗ್ಗಿಸಿ, "ನೆಕ್ಕಿದ ಜಾಗ ನೋಡು. ಸೂಜಿ ಸೂಜಿ ತರ ಹೊಳೀತಾ ಇದೆಯಲ್ಲ? ಒಣಗಿದ್ದಾಗ ಇದು ಬಾಯೇ ಬಿಡಲ್ಲ. ಒದ್ದೆ ಮಾಡಿದ್ರೆ ಒಳಗಿರೋದೆಲ್ಲ ಹೇಳಿಬಿಡುತ್ತೆ" ಎಂದರು.

"ನೀರು ಹಾಕಬಹುದಲ್ವಾ ಮೇಡಂ?"

"ಗುಡ್ಡದ ಮೇಲೆ ನಲ್ಲಿ ಯಾರಪ್ಪ ಹಾಕಿಸಿರ್ತಾರೆ? ಅಲ್ಲಿಂದ ಅಭ್ಯಾಸ ಆಗಿದ್ದು, ಮನೇಲೂ ಬಿಡಲಿಲ್ಲ."

ಮನೆ ಸಿಕ್ಕಿತು. ಅದಕ್ಕಿಂತ ದೊಡ್ಡದೊಂದು ಸಿಕ್ಕಿತೆಂದು ಗೊತ್ತಾಗಲು ಸ್ವಲ್ಪ ದಿನ ಬೇಕಾಯಿತು.

ಅವರು ನಗರದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾಗಿದ್ದವರು. ತಂದೆಯ ಕಾಲದಿಂದ ವೀಳ್ಯದೆಲೆ, ಅಡಕೆ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತ ಮನೆ. ಮಗಳು ಕಲ್ಲು ಓದುತ್ತೇನೆಂದಾಗ ತಂದೆ, "ಕಲ್ಲಲ್ಲಿ ಏನಿದೆ ಅಂತ ಓದ್ತೀಯೇ?" ಎಂದರಂತೆ. "ಅದನ್ನ ತಿಳ್ಕೊಳ್ಳೋಕೇ ಓದೋದಪ್ಪಾಜಿ" ಎಂದು ಇವರು. ಮದುವೆಯಾಗಲಿಲ್ಲ. ಅಂಗಡಿ ನೋಡಿಕೊಳ್ಳುವ ತಮ್ಮನ ಮನೆ ಎರಡು ರಸ್ತೆ ಆಚೆಗೆ. ಅಲ್ಲಿಂದ ಹಬ್ಬಕ್ಕೆ ಒಬ್ಬಟ್ಟು ಬರುತ್ತಿತ್ತು, ಇಲ್ಲಿಂದ ಅಲ್ಲಿನ ಮಕ್ಕಳಿಗೆ ಕಲ್ಲು ಹೋಗುತ್ತಿತ್ತು. ಮನೆಯ ತುಂಬ ಕಲ್ಲುಗಳೇ. ಮೆಟ್ಟಿಲ ಅಂಚಿನಲ್ಲಿ, ಕಿಟಕಿಯ ಹಲಗೆಯ ಮೇಲೆ, ಅಕ್ಕಿ ಡಬ್ಬದ ಪಕ್ಕದಲ್ಲಿ. ಕೆಲಸಕ್ಕೆ ಬರುತ್ತಿದ್ದಾಕೆ ಪೊರಕೆ ನೆಲಕ್ಕೆ ಕುಟ್ಟಿ ಗೊಣಗುತ್ತಿದ್ದಳು: "ಎಲ್ಲಾರ್ ಮನೇಲೂ ಕಸ ಗುಡಿಸ್ತೀನಿ, ಈ ಮನೇಲಿ ಬೆಟ್ಟ ಗುಡಿಸ್ಬೇಕು ಕಣಮ್ಮ!"

ನಾನು ಮದುವೆ ಫೋಟೊ ತೆಗೆಯುವವನು. ನಂಜನಗೂಡಿನ ಕಡೆಯ ಒಂದು ಹಳ್ಳಿಯ ಬೇಸಾಯದ ಮನೆಯಿಂದ ಬಂದು ಚಿಕ್ಕದೊಂದು ಸ್ಟುಡಿಯೊ ಇಟ್ಟುಕೊಂಡಿದ್ದೆ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲ. ನನ್ನ ಕೆಲಸ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಕೆಲಸಕ್ಕಿಂತಲೂ ನನ್ನ ಆಸೆ ತೆಳ್ಳಗಾಗಿತ್ತು. ಅದೇ ಆರತಕ್ಷತೆ, ಅದೇ ಸೋಫಾ, ಅದೇ ನಗು. ಸ್ಟುಡಿಯೊ ಮುಚ್ಚಿ ಕಡಕೊಳದ ಯಾವುದಾದರೂ ಕಾರ್ಖಾನೆಗೆ ಸೇರಿಕೊಳ್ಳೋಣವೆಂದು ಒಳಗೊಳಗೇ ತೀರ್ಮಾನವಾಗಿತ್ತು.

ಹಾಗಿರುವಾಗ ಒಂದು ಶನಿವಾರ ಸಂಜೆ ಕೆಳಗಿನಿಂದ ಕೂಗಿದರು. "ಏನಪ್ಪಾ, ನಾಳೆ ಬೆಳಗ್ಗೆ ಕ್ಯಾಮೆರಾ ತಗೊಂಡು ಬರ್ತೀಯಾ? ಮದುಮಗಳು ಕಾಯ್ತಾ ಇದ್ದಾಳೆ."

ಬಾಡಿಗೆದಾರನಿಗೆ ಒಂದು ಮದುವೆ ಕೊಡಿಸಿದರಲ್ಲ ಎಂದು ಖುಷಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಲೈಟು ಸ್ಟ್ಯಾಂಡು ಎಲ್ಲ ಹೊತ್ತು ಇಳಿದೆ. ಅವರು ಸ್ಕೂಟರ್ ಮೇಲೆ ಆಗಲೇ ಕೂತು ಹಾರ್ನ್ ಹೊಡೆಯುತ್ತಿದ್ದರು. ಹಿಂದೆ ಕೂತೆ. ಛತ್ರಗಳೆಲ್ಲ ಹಿಂದೆ ಸರಿದವು, ನಂಜನಗೂಡು ರಸ್ತೆ ಬಂತು, ಕಡಕೊಳ ದಾಟಿತು.

"ಮದುವೆ ಎಲ್ಲಿ ಮೇಡಂ?"

"ಇನ್ನು ಸ್ವಲ್ಪ ದೂರ. ಅವಳೇನೂ ಓಡಿಹೋಗಲ್ಲ."

ಒಂದು ಮಣ್ಣುರಸ್ತೆಗೆ ಇಳಿಸಿ, ರಾಗಿ ಹೊಲಗಳ ನಡುವೆ ಕುಲುಕುತ್ತ ಹೋಗಿ ಗಾಡಿ ನಿಲ್ಲಿಸಿದರು. ಎದುರಿಗೆ ಒಂದು ಕರಿ ದಿಣ್ಣೆ. ಸುತ್ತಲ ನೆಲವೆಲ್ಲ ಬಿಳಿಚಿಕೊಂಡ ಕಲ್ಲು, ಅದರ ನಡುವೆ ಯಾರೋ ಮಸಿ ಸುರಿದು ಗೆರೆ ಎಳೆದ ಹಾಗೆ ಕಪ್ಪು ಬಂಡೆಗಳ ಒಂದು ಸಾಲು ಕಣ್ಣಿಗೆ ಕಾಣುವಷ್ಟು ದೂರ ನೆಟ್ಟಗೆ ಹೋಗಿತ್ತು. ಬಂಡೆಗಳ ಸಂದಿನಲ್ಲಿ ಕಳ್ಳಿ, ಹಳದಿ ಹೂ ಬಿಟ್ಟ ತಂಗಡಿ, ಎಲಚಿ ಮುಳ್ಳು.

"ನೋಡೋ, ಇವಳೇ!" ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ಲೈಟ್ ಸ್ಟ್ಯಾಂಡ್ ಹಿಡಿದು ನಿಂತೆ. ಅವರು ಆಗಲೇ ಸುತ್ತಿಗೆ ಹಿಡಿದು ಮೇಲೆ ಹತ್ತುತ್ತಿದ್ದರು. ಬಂಡೆಗೆ ಒಂದು ಏಟು ಹಾಕಿದರು. ಗುಡಿಯ ಗಂಟೆ ಹೊಡೆದಂತೆ ಖಣ್ಣೆಂದಿತು.

"ಈಗ ನೀನು ನಿಂತಿದ್ದೀಯಲ್ಲ, ಅಲ್ಲಿ ನೆಲ ಬಿರಿದಿತ್ತು ಕಣೋ" ಎಂದು ಶುರುಮಾಡಿದರು. "ಎಷ್ಟೋ ಕೋಟಿ ವರ್ಷದ ಹಿಂದೆ. ಆ ಬಿರುಕಲ್ಲಿ ಕೆಳಗಿಂದ ಕಾದ ಬೆಲ್ಲದ ಪಾಕದ ತರ ಕರಗಿದ ಕಲ್ಲು ನುಗ್ಗಿ ಬಂತು. ಮೇಲೆ ಬಂದು ಹರಿದಿದ್ರೆ ಅದನ್ನ ಬಸಾಲ್ಟ್ ಅಂತೀವಿ. ಇದು ದಾರೀಲೇ ಹೆಪ್ಪುಗಟ್ಟಿದ್ದು, ಅದರ ಒಡಹುಟ್ಟು. ಅಂಚಲ್ಲಿ ತಣ್ಣನೆ ಕಲ್ಲು ತಾಗಿ ತಟ್ಟಂತ ಆರಿಹೋಯ್ತು, ಅದಕ್ಕೆ ಅಲ್ಲಿ ನುಣುಪು. ನಡುವೆ ನಿಧಾನವಾಗಿ ಆರಿತು, ಹರಳು ದಪ್ಪ. ಬಾ, ಕೈಯಾಡಿಸು. ಅಂಚಿಂದ ನಡುವಿಗೆ ಬಾ."

ಕೈಯಾಡಿಸಿದೆ. ಬೆರಳ ತುದಿಗೆ ನಿಜವಾಗಿಯೂ ಗೊತ್ತಾಯಿತು. ಗಾಜಿನಂಥ ನುಣುಪು ಸ್ವಲ್ಪ ಸ್ವಲ್ಪವಾಗಿ ರವೆಯಾಯಿತು, ರವೆ ನುಚ್ಚಾಯಿತು. ನಾನು ಹುಟ್ಟಿದ ಊರು ಅಲ್ಲಿಂದ ದೂರವೇನಲ್ಲ. ಇಂಥ ಬಂಡೆಗಳ ಮೇಲೆ ಕೂತು ದನ ಕಾದವನು ನಾನು. ಅವು ಬೆಂಕಿಯಿಂದ ಬಂದವೆಂದು ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಬಂಡೆಯ ತಲೆಯ ಮೇಲೆ ಒಂದು ಗಂಡು ಓತಿಕ್ಯಾತ ಎದ್ದು ನಿಂತಿತು. ಬೆನ್ನು ಕೆಂಡದ ಕೆಂಪು, ಪಕ್ಕೆ ಇದ್ದಿಲ ಕಪ್ಪು. ಮುಂಗಾಲು ಊರಿ ಮೈಯನ್ನು ಮೇಲೆ ಕೆಳಗೆ ಮಾಡುತ್ತ ನಮ್ಮನ್ನೇ ಗದರಿಸುತ್ತಿತ್ತು. ಮೇಡಂ ನನ್ನ ತೋಳು ಜಗ್ಗಿದರು. "ಬಿಸಿಲಿಗೆ ಮೊದಲು ಕಾಯೋದು ಕರಿಕಲ್ಲು. ಅದಕ್ಕೇ ಬೆಳಗ್ಗೆ ಬೆಳಗ್ಗೆ ಇಲ್ಲಿ ದರ್ಬಾರು! ತೆಗಿ, ತೆಗಿ!" ತೆಗೆದೆ. ಮದುಮಗನೇ ಸಿಕ್ಕಿದ ಹಾಗಾಯಿತು. ಅವತ್ತು ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದಾಗ, ಎಷ್ಟೋ ವರ್ಷದ ಮೇಲೆ, ನಾನೇ ತೆಗೆದದ್ದನ್ನು ನೋಡಿ ನನ್ನ ಎದೆ ಹೊಡೆದುಕೊಂಡಿತು.

ಅಲ್ಲಿಂದ ಮುಂದೆ ಮದುವೆಯಿಲ್ಲದ ಭಾನುವಾರಗಳೆಲ್ಲ ಆ ಕರಿದಿಣ್ಣೆಯವು. ಯಾವ ಕಲ್ಲು ಕಂಡರೂ ಅವರು ಅದನ್ನು ಮೊದಲ ಸಲ ನೋಡಿದವರ ಹಾಗೆ "ಅಯ್ಯೋ ಶಿವನೇ, ಬಾರೋ ಇಲ್ಲಿ!" ಎಂದು ಕೂಗುತ್ತಿದ್ದರು. ನಲವತ್ತು ವರ್ಷ ಅದನ್ನೇ ನೋಡಿದವರು, ಅದೇ ಕೂಗು. ಬಂಡೆಯೊಂದು ಈರುಳ್ಳಿಯಂತೆ ಸಿಪ್ಪೆಸಿಪ್ಪೆಯಾಗಿ ಬಿಡಿಸಿಕೊಂಡಿದ್ದರೆ ಅದನ್ನು ತೋರಿಸಲು ಹೊಲದಲ್ಲಿ ಹೋಗುತ್ತಿದ್ದ ರೈತರನ್ನೂ ಕರೆಯುತ್ತಿದ್ದರು. ಅವರೂ ಬರುತ್ತಿದ್ದರು.

ಚಳಿಗಾಲದ ಕೊನೆಯ ಒಂದು ಬೆಳಿಗ್ಗೆ ದಿಣ್ಣೆಯ ಹಿಂಬದಿಗೆ ಹೋದೆವು. ಅಲ್ಲಿ ಕಲ್ಲಿನ ಕೋರೆ ಇತ್ತು. ಬಂಡೆ ಸಿಡಿಸಿ ಜಲ್ಲಿ ಮಾಡುವ ಜಾಗ. ಕಡಿದು ಕಡಿದು ಕರಿಗೋಡೆಯೊಂದು ನೆಟ್ಟಗೆ ನಿಂತಿತ್ತು, ಕೆಳಗೆ ಹಸಿರು ನೀರು. ಗೋಡೆಯ ಅರ್ಧದಲ್ಲಿ ಒಂದು ಚಾಚು, ಅದರ ಮೇಲೆ ಹುಲ್ಲಿನ ತುಂಡು. ನಾನು ಲೆನ್ಸ್ ತಿರುಗಿಸುತ್ತಿದ್ದಾಗ ಆ ಹುಲ್ಲಿನ ಪಕ್ಕದ ಕಲ್ಲು ಕಣ್ಣು ಬಿಟ್ಟಿತು.

ಕಿತ್ತಳೆ ಬಣ್ಣದ ಎರಡು ದೊಡ್ಡ ಕಣ್ಣು. ಮೇಲೆ ನೆಟ್ಟಗೆ ನಿಂತ ಎರಡು ಗರಿಯ ಕೊಂಬು.

"ಮೇಡಂ, ಗೂಬೆ!"

ಕ್ಯಾಮೆರಾ ಕಿತ್ತುಕೊಂಡರು. ನೋಡಿದರು. "ಕೊಂಬಿನ ಗೂಬೆ. ಕೂತಿರೋ ರೀತಿ ನೋಡೋ, ಎದೆ ಕೆಳಗೆ ಏನೋ ಇದೆ." ಹಕ್ಕಿ ಒಮ್ಮೆ ಮೈ ಸರಿಸಿದಾಗ ಬೂದು ಹತ್ತಿಯ ಉಂಡೆಯಂಥದ್ದೊಂದು ಅಲುಗಿತು. ಅದರ ಪಕ್ಕ ಇನ್ನೊಂದು. ಮರಿಗಳು!

ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೇಡಂ ಕ್ಯಾಮೆರಾ ಕೆಳಗಿಳಿಸಿದರು. ಅವರ ಕಣ್ಣು ಚಾಚಿನ ಮೇಲುಗಡೆಗೆ ಹೋಗಿತ್ತು. ಅಲ್ಲಿ ಬಂಡೆಯ ಅಂಚಿಗುಂಟ ಹಳದಿ ಬಣ್ಣದ ಗುರುತು, ಗುರುತಿನ ಪಕ್ಕ ಹೊಸದಾಗಿ ಕೊರೆದ ತೂತುಗಳು. ಸಿಡಿಮದ್ದು ತುಂಬಲು.

ಕೆಲಸಗಾರರ ಗುಡಿಸಲ ಮುಂದೆ ಮೇಸ್ತ್ರಿ ಬೀಡಿ ಸೇದುತ್ತ ಕೂತಿದ್ದ. ಮೇಡಂ ಓಡಿದಂತೆಯೇ ಹೋದರು. "ಯಾವಾಗ ಸಿಡಿಸ್ತೀರಿ ಅದನ್ನ?"

"ನಾಳಿದ್ದು ಕಣವ್ವ."

"ಅಲ್ಲಿ ಗೂಬೆ ಮರಿ ಮಾಡಿದೆ, ಗೊತ್ತಾ?"

"ಗೊತ್ತಿಲ್ದೆ ಏನವ್ವ! ಅದ್ಕೇ ಬಿರ್ರನೆ ಸಿಡಿಸ್ಬುಡಿ ಅಂತಾವ್ರೆ ಹುಡುಗ್ರು. ಅದು ಕೂಗುದ್ರೆ ಒಬ್ಬ ಸಾಯ್ತಾನಂತೆ. ಹೋದ ವಾರ ಒಬ್ಬನ ಕಾಲು ಬೇರೆ ಮುರೀತು."

"ಕಾಲು ಮುರಿದಿದ್ದು ಗೂಬೆಯಿಂದಲೋ, ಕುಡಿದು ಹತ್ತಿದ್ದರಿಂದಲೋ?"

ಮೇಸ್ತ್ರಿ ಬೀಡಿ ಆರಿಸಿದ. "ಅದೂ ಅದೆ ಕಣವ್ವ" ಎಂದು ನಕ್ಕ. ಆದರೆ ನಿರ್ಧಾರ ತನ್ನದಲ್ಲ, ಯಜಮಾನರದು, ಅವರು ಮೈಸೂರಿನಲ್ಲೇ ಇದ್ದಾರೆ ಎಂದ.

ವಾಪಸ್ಸು ಬರುವಾಗ ನಾನು, "ಅರಣ್ಯ ಇಲಾಖೆಗೆ ಹೇಳಿಬಿಡೋಣ ಮೇಡಂ, ಕಾನೂನಿದೆ" ಎಂದೆ.

"ಇದೆ. ಕೊನೆಗೆ ಅದೂ ಮಾಡೋಣ. ಆದ್ರೆ ಹೆದರಿಸಿ ನಿಲ್ಲಿಸಿದ್ರೆ ಆ ಹಕ್ಕಿ ಮೇಲೆ ಇವರಿಗೆ ಇನ್ನೂ ದ್ವೇಷ ಬರುತ್ತೆ. ನಾವು ಇಲ್ಲದ ಹೊತ್ತಲ್ಲಿ ಒಂದು ಕಲ್ಲು ಎಸೆದ್ರೆ ಮುಗೀತು. ಮೊದಲು ಒಂದು ಸಲ ನೋಡಲಿ."

ಅಂದು ಮಧ್ಯಾಹ್ನವೇ ಯಜಮಾನರ ಮನೆಗೆ ಹೋದೆವು. ಊಟ ಮುಗಿಸಿ ಎಲೆ ಹಾಕಿಕೊಂಡು ಕೂತಿದ್ದರು. ದಪ್ಪ ಮೀಸೆ, ದೊಡ್ಡ ಹೊಟ್ಟೆ. ಮಠದ ಕಾರ್ಯಕ್ರಮಗಳಲ್ಲಿ ಮೇಡಂ ಅವರ ತಮ್ಮನನ್ನು ಕಂಡು ಗೊತ್ತಿದ್ದರಿಂದ ಎದ್ದು ನಿಂತು ಕೈಮುಗಿದರು. ಕಾಫಿ ಬಂತು. ಮೇಡಂ ಕಾಫಿ ಮುಟ್ಟದೆ ವಿಷಯ ಹೇಳಿದರು.

"ನಾನೇನು ಹಕ್ಕಿ ಸಾಯಿಸ್ಬೇಕು ಅಂತ ಕೋರೆ ಇಟ್ಟಿದ್ದೀನಾ ಅಕ್ಕೋರೆ?" ಎಂದರು ಯಜಮಾನರು. "ನಾಲ್ಕೇ ನಾಲ್ಕು ಹುಡುಗರಿದ್ದಾರೆ, ಗೂಬೆ ಕೂತ ಕಡೆ ಕೆಲಸ ಮಾಡಲ್ಲ ಅಂತ ಕೂತವ್ರೆ. ನಮ್ಮ ಮನೇಲೂ ಅಪಶಕುನ ಅಂತಾರೆ. ಹೋದ ವರ್ಷದಿಂದ ಒಂದಲ್ಲ ಒಂದು ತೊಂದರೆ. ನಾನೇನ್ ಮಾಡ್ಲಿ ಹೇಳಿ."

"ಊರಿನ ತೊಂದರೆಗೆಲ್ಲ ಗೂಬೆ ಮೇಲೇ ಗೂಬೆ ಕೂರಿಸ್ತೀರಲ್ಲ ಸ್ವಾಮಿ!"

ಯಜಮಾನರಿಗೆ ನಗು ತಡೆಯಲಾಗಲಿಲ್ಲ, ಎಲೆಯ ರಸ ಮೀಸೆಗಿಳಿಯಿತು. ಆದರೂ ತಲೆಯಾಡಿಸಿದರು. ಆಗ ಮೇಡಂ ಹೇಳಿದ ಮಾತು ಕೇಳಿ ನನಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ.

"ನಾಳೆ ಸಂಜೆ ಒಂದೇ ಒಂದು ಸಲ ಬಂದು ನೋಡಿ. ನೋಡಿದ ಮೇಲೂ ಸಿಡಿಸಬೇಕು ಅಂತ ನಿಮಗನ್ನಿಸಿದ್ರೆ ನಾನು ಒಂದು ಮಾತೂ ಆಡಲ್ಲ. ಬತ್ತಿಗೆ ನನ್ನ ಕೈಯಾರೆ ಬೆಂಕಿ ಇಡ್ತೀನಿ."

ಹೊರಗೆ ಬಂದ ಮೇಲೆ ಕೇಳಿದೆ. "ಏನು ಮೇಡಂ ಹಾಗಂದ್ಬಿಟ್ರಿ? ಅವರು ಸಿಡಿಸಿ ಅಂದುಬಿಟ್ರೆ?"

"ಅನ್ನಲ್ಲ" ಎಂದರು. ಸ್ಕೂಟರಿನ ಕೀಲಿ ತೂತಿಗೆ ಹೋಗಲಿಲ್ಲ. ಮೂರು ಸಲ ಪ್ರಯತ್ನಿಸಿದ ಮೇಲೆ ಕೀಲಿ ನನ್ನ ಕೈಗೆ ಕೊಟ್ಟು, "ನೀನೇ ಓಡಿಸಪ್ಪಾ" ಎಂದರು.

ಮರುದಿನ ಸಂಜೆ ಯಜಮಾನರು ಬಂದರು. ಬಿಳಿ ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ, ಮುಳ್ಳು ತಗುಲಿದಾಗಲೆಲ್ಲ ಶಿವಶಿವಾ ಎನ್ನುತ್ತ. ಹಿಂದೆ ಮೇಸ್ತ್ರಿ, ಅವನ ಹಿಂದೆ ದೂರದಲ್ಲಿ ಹೆದರಿದ ಕೆಲಸಗಾರರು. ಗೋಡೆಯ ಎದುರಿನ ಪೊದೆಯ ಮರೆಯಲ್ಲಿ ಎಲ್ಲರನ್ನೂ ಮೇಡಂ ಕೂರಿಸಿದರು. ಬಿಸಿಲು ಕರಿಗೋಡೆಯ ಮೇಲಿಂದ ಜಾರುತ್ತಿತ್ತು. ಚಾಚಿನ ಮೇಲೆ ಏನೂ ಇಲ್ಲ! ಹುಲ್ಲಿನ ತುಂಡೊಂದು ಬಿಟ್ಟರೆ ಖಾಲಿ. ಮೇಡಂ ಮುಖ ನೋಡಲು ಧೈರ್ಯ ಬರಲಿಲ್ಲ.

ಆಗ ಮೇಲಿನಿಂದ "ಬು... ಬೂ..." ಎಂಬ ದನಿ ಬಂತು. ಇಡೀ ಕೋರೆ ಆ ದನಿಯನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡು ವಾಪಸ್ಸು ಕೊಟ್ಟ ಹಾಗಿತ್ತು. ಕೆಲಸಗಾರರಲ್ಲಿ ಇಬ್ಬರು ಎದ್ದೇಬಿಟ್ಟರು. ದೊಡ್ಡ ಹಕ್ಕಿ ಸದ್ದಿಲ್ಲದೆ ತೇಲಿ ಬಂದು ಚಾಚಿನ ಮೇಲೆ ಇಳಿಯಿತು, ಕಾಲಿನಲ್ಲಿ ಹೆಗ್ಗಣದಂಥದ್ದು. ತಕ್ಷಣ ಕಲ್ಲಿನ ಸಂದಿಯಿಂದ ಬೂದು ಉಂಡೆಗಳು ತೂರಾಡುತ್ತ ಹೊರಬಂದವು. ಎರಡಲ್ಲ, ಮೂರು! ಹಿಂದಿನ ದಿನ ಒಂದು ಅಡಗಿತ್ತು. ಮೇಡಂ ಕ್ಯಾಮೆರಾ ಯಜಮಾನರ ಕಣ್ಣಿಗೆ ಹಿಡಿದರು. ಅಷ್ಟರಲ್ಲಿ ಮೂರರಲ್ಲಿ ದೊಡ್ಡ ಮರಿಗೆ ನಮ್ಮ ಸುಳಿವು ಸಿಕ್ಕಿತೇನೋ, ಅದು ಎರಡೂ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಚ್ಚಿ, ತನ್ನ ಮೈಯ ಎರಡರಷ್ಟು ಊದಿಕೊಂಡು, ಕೊಕ್ಕಿನಿಂದ ಟಕ್ ಟಕ್ ಎಂದು ಸದ್ದು ಮಾಡುತ್ತ ನಮ್ಮತ್ತ ತಿರುಗಿ ನಿಂತಿತು.

ಯಜಮಾನರು ಕ್ಯಾಮೆರಾದಿಂದ ಕಣ್ಣು ತೆಗೆಯಲೇ ಇಲ್ಲ. ಆಮೇಲೆ ಮೆಲ್ಲಗೆ, "ಅಯ್ಯಯ್ಯಪ್ಪಾ... ನಮ್ಮ ಮೊಮ್ಮಗು ಊಟ ಬೇಡ ಅಂತ ಮುನಿಸ್ಕೊಂಡಾಗ ಇಂಗೇ ನಿಂತ್ಕೊಳ್ತದಲ್ರೀ!" ಎಂದರು.

ಮೇಡಂ ಕ್ಯಾಮೆರಾವನ್ನು ಅವರ ಕೈಗೇ ಬಿಟ್ಟರು.

"ಎಷ್ಟು ದಿನ ಬೇಕು ಇವಕ್ಕೆ ಹಾರೋಕೆ?"

"ಎರಡು ತಿಂಗಳಾಗಬಹುದು."

"ಮೇಸ್ತ್ರೀ" ಎಂದು ಯಜಮಾನರು ಪಿಸುದನಿಯಲ್ಲೇ ಗದರಿದರು. "ನಾಳೆಯಿಂದ ಎಲ್ಲಾ ಮೂಡ್ಲ ಕಡೆ ಕೆಲಸ ನೋಡ್ಕಳಿ. ಈ ಕಡೆ ಒಬ್ಬನೂ ಬರಕೂಡದು, ಗೊತ್ತಾಯ್ತಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಸರಿ ಬುಡಿ ಸಾಮಿ. ಇಲಿ ತಿಂದ್ಕೊಂಡು ಇರದಾದ್ರೆ ನಮ್ಮ ರಾಗಿಗೂ ಒಳ್ಳೇದೇಯ. ಆದ್ರೆ ಅದು ಕೂಗುದ್ರೆ ಎದೆ ನಡುಗ್ತದಲ್ಲವ್ವ?"

"ಹೀಗಾ?" ಎಂದು ಮೇಡಂ ಎರಡೂ ಕೈ ಬಾಯಿಗೆ ಹಿಡಿದು "ಬು... ಬೂ..." ಎಂದರು. ಮೇಲಿನಿಂದ ಗಂಡು ಹಕ್ಕಿ ಉತ್ತರ ಕೊಟ್ಟಿತು! ಕೆಲಸಗಾರರು ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ಅವರ ಹೆದರಿಕೆ ಅರ್ಧ ಹೋಯಿತೆಂದು ನನಗನ್ನಿಸಿತು.

ಆ ಬೇಸಗೆ ನಾನು ಸ್ಟುಡಿಯೊ ಮುಚ್ಚುವ ವಿಚಾರವನ್ನೇ ಮರೆತೆ. ವಾರವಾರವೂ ಹೋಗಿ ದೂರದಿಂದಲೇ ಮರಿಗಳನ್ನು ತೆಗೆದೆ. ಯಜಮಾನರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು, "ಹುಡುಗ್ರು ಎಂಗಿದ್ದಾರೆ?" ಎಂದು. ಎರಡು ಮರಿ ಹಾರಿದವು. ಮೂರನೆಯದು ಚಿಕ್ಕದು, ಚಾಚಿನ ಅಂಚಿಗೆ ಬರುವುದು, ಇಣುಕುವುದು, ಹಿಂದೆ ಸರಿಯುವುದು. ಒಂದು ಸಂಜೆ ನಾವೆಲ್ಲ ನೋಡುತ್ತಿದ್ದಂತೆಯೇ ಕಾಲು ಜಾರಿತೋ ಮನಸ್ಸು ಮಾಡಿತೋ, ಕಲ್ಲಿನ ಹಾಗೆ ಕೆಳಗೆ ಬಿತ್ತು. ಯಜಮಾನರು "ಅಯ್ಯೋ!" ಎಂದು ಕೂಗಿದರು. ಹಸಿರು ನೀರಿಗೆ ಮೈ ತಾಗಬೇಕೆನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿಕೊಂಡಿತು. ತೂಗಾಡಿತು, ಮೇಲೆದ್ದಿತು, ಎದುರಿನ ಬಂಡೆಯ ಮೇಲೆ ಹೋಗಿ ಮುಗ್ಗರಿಸಿ ಕೂತು, ಏನೂ ಆಗಿಲ್ಲವೆಂಬಂತೆ ಸುತ್ತ ನೋಡಿತು. ಮೇಡಂ ಚಪ್ಪಾಳೆ ತಟ್ಟಿಬಿಟ್ಟು, ಹಕ್ಕಿ ಹೆದರುತ್ತದೆಂದು ನೆನಪಾಗಿ, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

ಯಜಮಾನರು ಆ ಕರಿಗೋಡೆಯನ್ನು ಆಮೇಲೆಯೂ ಮುಟ್ಟಲಿಲ್ಲ. ಅಷ್ಟೇ ಅಲ್ಲ, ನಮ್ಮ ಗುಂಪಿಗೇ ಸೇರಿಕೊಂಡರು. "ಅಕ್ಕೋರೆ, ನಾನು ಇಷ್ಟು ವರ್ಷ ಒಡೆದ ಕಲ್ಲು ಏನು ಅಂತ ನಂಗೇ ಗೊತ್ತಿರಲಿಲ್ಲ. ಆ ಲಾವಾ ಹರಿದಿದ್ದು ಕಣ್ಣಲ್ಲಿ ಕಾಣೋ ಜಾಗ ಎಲ್ಲದೆ?" ಎಂದು ಕೇಳಿದರು.

"ಇಲ್ಲೂ ಮೇಲೆ ಹರಿದಿದ್ದಿರಬೇಕು, ಎಲ್ಲಾ ಸವೆದುಹೋಯ್ತು. ನೋಡಬೇಕು ಅಂದ್ರೆ ಉತ್ತರಕ್ಕೆ ಹೋಗಬೇಕು. ವಿಜಯಪುರದ ಆಚೆ. ಅದು ಇದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನದು, ಇನ್ನೂ ತಾಜಾ ಇದೆ" ಎಂದರು ಮೇಡಂ, ನಿನ್ನೆ ಸಂತೆಯಿಂದ ತಂದ ಸೊಪ್ಪಿನ ಮಾತಾಡಿದಂತೆ.

ಆ ಚಳಿಗಾಲದಲ್ಲಿ ಯಜಮಾನರ ಕಾರಿನಲ್ಲೇ ಮೂವರೂ ಹೊರಟೆವು. ದಾರಿಯುದ್ದಕ್ಕೂ ಮೇಡಂ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದರು. ಗುಂಡುಬಂಡೆಗಳ ಸೀಮೆ ಮುಗಿದು, ಕೆಂಪು ನೆಲ ಮುಗಿದು, ಕಾಡಿಗೆಯಂಥ ಕರಿನೆಲ ಶುರುವಾದಾಗ "ಬಂತು, ಬಂತು! ಈ ಮಣ್ಣೇ ಪುಡಿಯಾದ ಬಸಾಲ್ಟ್ ಕಣ್ರೀ!" ಎಂದು ಕೂಗಿ ಯಜಮಾನರು ಬ್ರೇಕ್ ಹಾಕುವಂತೆ ಮಾಡಿದರು. ಇಳಿದು ಮಣ್ಣು ಮುಟ್ಟಿಯೇ ಮುಂದೆ ಹೋಗಿದ್ದು. ಬಿಳಿಜೋಳದ ತೆನೆಗಳು ಆಳೆತ್ತರ ನಿಂತಿದ್ದವು. ಆಕಾಶ ಅಷ್ಟು ಅಗಲವಿರುವುದನ್ನು ನಾನು ಕಂಡದ್ದೇ ಅಲ್ಲಿ.

ಮರುದಿನ ಬೆಳಿಗ್ಗೆ ಒಂದು ಹಳ್ಳಕ್ಕೆ ಇಳಿದೆವು. ನೀರು ಕೊರೆದ ದಡ ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಒಂದೊಂದು ಮೆಟ್ಟಿಲೂ ಒಂದೊಂದು ಸಲ ಹರಿದು ಆರಿದ ಬೆಂಕಿ. ಒಂದು ಪದರದ ನೆತ್ತಿಯಲ್ಲಿ ಕಲ್ಲಿನ ತುಂಬ ತೂತುಗಳು. "ಮೈಸೂರ್‌ಪಾಕಲ್ಲಿ ತೂತಿರಲ್ವಾ, ಅದೇ. ಗಾಳಿ ಗುಳ್ಳೆ ಎದ್ದ ಜಾಗ" ಎಂದರು. ತೂತಿಲ್ಲದ ಮಂಕು ಗುಂಡೊಂದನ್ನು ಎತ್ತಿ ಯಜಮಾನರ ಕೈಗಿಟ್ಟು, "ಕಲ್ಲೊಡೆಯೋದು ನಿಮ್ಮ ಕಸುಬು, ಒಡೀರಿ" ಎಂದರು. ಒಂದೇ ಏಟು. ಕಲ್ಲು ಎರಡಾಯಿತು. ಒಳಗೆ ಬೆಳಕೋ ಬೆಳಕು! ಉಪ್ಪಿನ ಹರಳಿನಂಥ ಬಿಳಿ ಸೂಜಿಗಳು ಗೂಡಿನೊಳಗೆ ಒತ್ತೊತ್ತಾಗಿ ನಿಂತು ಬಿಸಿಲಿಗೆ ಮಿಂಚುತ್ತಿದ್ದವು. ಯಜಮಾನರು ಮಂಡಿಯೂರಿ ಕೂತುಬಿಟ್ಟರು.

ಸ್ವಲ್ಪ ಮೇಲೆ, ಎರಡು ಕರಿ ಪದರಗಳ ನಡುವೆ, ಇಟ್ಟಿಗೆ ಬಣ್ಣದ ಒಂದು ತೆಳು ಪಟ್ಟಿ ಓಡಿತ್ತು. ಮೇಡಂ ಅದನ್ನು ಮುಟ್ಟಿ ನನ್ನನ್ನು ಕರೆದರು. "ಇದು ನಂಗೆ ಎಲ್ಲದಕ್ಕಿಂತ ಇಷ್ಟ. ಕೆಳಗಿನ ಲಾವಾ ಬಂತು, ನಿಂತುಹೋಯ್ತು. ಮಳೆ ಹುಯ್ತು. ಕಲ್ಲು ನಿಧಾನಕ್ಕೆ ಮಣ್ಣಾಯ್ತು. ಗಿಡ ಬಂತು, ಹುಳಹುಪ್ಪಟೆ ಬಂತು. ಆಮೇಲೆ ಮತ್ತೆ ಲಾವಾ ಬಂದು ಆ ಮಣ್ಣನ್ನ ಇಟ್ಟಿಗೆ ಸುಟ್ಟ ಹಾಗೆ ಸುಟ್ಟುಬಿಡ್ತು. ಆದ್ರೆ ನೋಡು, ಎರಡು ಬೆಂಕಿ ನಡುವೆ ಸಿಕ್ಕಿದ ಅಷ್ಟೇ ಬಿಡುವಲ್ಲೂ ಭೂಮಿ ಸುಮ್ಮನೆ ಕೂರಲಿಲ್ಲ."

ಅಷ್ಟರಲ್ಲಿ ದಡದ ಮೇಲಿನಿಂದ ಕುರಿಗಾಹಿಯೊಬ್ಬ ಕೈಬೀಸಿದ. "ಸ್ವಲ್ಪ ಗಪ್ ಇರ್ರಿ, ಅಲ್ಲಿ ನೋಡ್ರಿ, ತ್ವಾಳ!"

ಹಳ್ಳದ ಆಚೆ ಬದಿಯ ಕರಿ ಮೆಟ್ಟಿಲ ಮೇಲೆ, ಒಣಹುಲ್ಲಿನ ಬಣ್ಣದ ತೋಳವೊಂದು ನಿಂತಿತ್ತು. ಉದ್ದ ಕಾಲು, ಹಳದಿ ಕಣ್ಣು. ಅದರ ಹಿಂದಿನ ಕಲ್ಲಿನ ಬಿರುಕಿನಿಂದ ಮೊದಲು ಒಂದು ಮೂತಿ, ಆಮೇಲೆ ಎರಡು ಪುಟ್ಟ ಕಿವಿ ಹೊರಗೆ ಬಂದವು. ಮರಿ! ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ಮೇಡಂ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟಿದ್ದರು, ಬಿಡಿಸಿಕೊಳ್ಳಲಾಗದಷ್ಟು ಗಟ್ಟಿಯಾಗಿ. ಬಿಡಿಸಿಕೊಳ್ಳಲು ನಾನೂ ಪ್ರಯತ್ನಿಸಲಿಲ್ಲ. ತೋಳ ನಮ್ಮನ್ನು ನೋಡಿತು, ಮರಿಯನ್ನು ಮೂತಿಯಿಂದ ಒಳಗೆ ನೂಕಿತು, ಆತುರವೇ ಇಲ್ಲದೆ ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿ ಜೋಳದೊಳಗೆ ಮರೆಯಾಯಿತು.

"ಸಿಕ್ತಾ ಫೋಟೊ?" ಎಂದರು ಯಜಮಾನರು.

"ಇಲ್ಲ."

ಮೇಡಂ ಆಗ ನನ್ನ ಕೈ ಬಿಟ್ಟು, "ಅಯ್ಯೋ, ನಾನೇ ಕೆಡಿಸಿಬಿಟ್ಟೆನಲ್ಲೋ!" ಎಂದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಬೇಸರವಾಗಲಿಲ್ಲ ನನಗೆ. ಆ ತೋಳ ನನ್ನೊಳಗೆ ಇಳಿದಷ್ಟು ಚೆನ್ನಾಗಿ ನಾನು ತೆಗೆದ ಯಾವ ಚಿತ್ರವೂ ಇಳಿದಿಲ್ಲ.

ಮಾರನೆಯ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಪೂಜೆಗೆ ಕೂತ ಮೇಡಂ ಕೂತ ಹಾಗೇ ಲಿಂಗೈಕ್ಯರಾದರು. ಕೆಲಸದಾಕೆ ಕೂಗಿಕೊಂಡಾಗ ಇಳಿದು ಓಡಿದೆ. ಎಡ ಅಂಗೈಯಲ್ಲಿ ಲಿಂಗವಿತ್ತು, ಮುಖ ಏನನ್ನೋ ಹತ್ತಿರದಿಂದ ನೋಡಲು ಬಗ್ಗಿದಂತೆ ಮುಂದೆ ಬಾಗಿತ್ತು. ರುದ್ರಭೂಮಿಯಲ್ಲಿ ಮಣ್ಣು ಹಾಕುವಾಗ ಯಜಮಾನರು ಮಗುವಿನ ಹಾಗೆ ಅತ್ತರು.

ಪುಣ್ಯಾರಾಧನೆಗೆ ಒಂದು ಒಳ್ಳೆಯ ಫೋಟೊ ಬೇಕೆಂದು ಅವರ ತಮ್ಮ ನನ್ನನ್ನು ಕೇಳಿದರು. "ನೀನು ಎಷ್ಟು ತೆಗೆದಿರ್ತೀಯಪ್ಪಾ, ಒಂದು ಕೊಡು." ರಾಶಿ ರಾಶಿ ಚಿತ್ರ ತೆರೆದು ಕೂತೆ. ಒಂದರಲ್ಲೂ ಅವರ ಮುಖವಿಲ್ಲ. ಕಲ್ಲಿನ ಗಾತ್ರ ಗೊತ್ತಾಗಲೆಂದು ಪ್ರತಿ ಸಲವೂ ಅವರು ಪಕ್ಕದಲ್ಲಿ ಕೈ ಇಡುತ್ತಿದ್ದರು, ಅಷ್ಟೇ. ಮುಖದ ಕಡೆ ಕ್ಯಾಮೆರಾ ತಿರುಗಿಸಿದರೆ, "ಇದೇನು ಅಪರೂಪದ್ದಾ? ಕಲ್ಲು ತೆಗಿಯೋ" ಎಂದು ತಳ್ಳುತ್ತಿದ್ದರು. ನೂರಾರು ಮದುಮಕ್ಕಳ ಮುಖ ತೆಗೆದವನು ನಾನು, ನನಗೆ ಕಣ್ಣು ಕೊಟ್ಟವರ ಮುಖ ನನ್ನ ಬಳಿ ಇರಲಿಲ್ಲ. ಕೊನೆಗೆ ಕಾಲೇಜಿನ ಬೀಳ್ಕೊಡುಗೆಯಲ್ಲಿ ಯಾರೋ ತೆಗೆದ ಹಳೆಯ ಚಿತ್ರಕ್ಕೇ ಹಾರ ಹಾಕಿದರು.

ನಾನು ನನಗಾಗಿ ಒಂದು ಚಿತ್ರ ದೊಡ್ಡದಾಗಿ ಮಾಡಿಸಿ ಸ್ಟುಡಿಯೊದ ಗೋಡೆಗೆ ಹಾಕಿದೆ. ಸ್ಟುಡಿಯೊ ಇವತ್ತಿಗೂ ನಡೆಯುತ್ತಿದೆ. ಚಿತ್ರದಲ್ಲಿ ಕರಿ ಪದರ, ನಡುವೆ ಕೆಂಪು ಪಟ್ಟಿ, ಮೇಲೆ ಮತ್ತೆ ಕರಿ ಪದರ. ಕೆಂಪಿನ ಮೇಲೆ ಸುಕ್ಕುಗಟ್ಟಿದ ಒಂದು ಅಂಗೈ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೆ ಬಂದವರು ಕಾಯುತ್ತ ಕೂತಾಗ ಅದನ್ನು ನೋಡುತ್ತಾರೆ. "ಯಾರ ಕೈ ಸಾರ್ ಅದು?" ಎಂದು ಕೇಳುತ್ತಾರೆ. ಫೋಟೊ ಪ್ರಿಂಟ್ ಆಗುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಆದರೂ ಎದ್ದುಹೋಗಿ ಗೋಡೆಯ ಹತ್ತಿರ ನಿಂತು, ಕೆಳಗಿನ ಕರಿ ಪದರದಿಂದ ಶುರುಮಾಡುತ್ತೇನೆ.